ಮದುವೆ ಕ್ಯಾಸೆಟ್ಟಿನ ಬಾಲದಲ್ಲಿ ಉಳಿದ ಸಿನಿಮಾ

ನಾನು ಓದು ನಿಲ್ಲಿಸಿದ್ದು ೧೯೮೨ರಲ್ಲಿ, ಎಂಟನೇ ತರಗತಿಯ ನಡುವೆ. ಅಲ್ಲಿಂದಾಚೆಗೆ ಶಾಲೆಯವರ ಜೊತೆ ನನಗೆ ವ್ಯವಹಾರವೇ ಇರಲಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ನೆನಪಾದದ್ದು ಮೊನ್ನೆ ಬೇಸಿಗೆಯಲ್ಲಿ, ಒಂದು ಹಳೆಯ ವಿಡಿಯೋ ಕ್ಯಾಸೆಟ್ಟಿನ ಡಬ್ಬಿ ತೆಗೆದಾಗ. ಬೂಷ್ಟು ಹಿಡಿದ ಟೇಪಿಗೆ ಒಂದು ವಾಸನೆ ಇರುತ್ತದೆ, ಹುಳಿ ಬಂದ ಹಿಟ್ಟು ಮತ್ತು ಒದ್ದೆ ಗೋಣಿಚೀಲ ಎರಡೂ ಸೇರಿದ ಹಾಗೆ. ನಂಜನಗೂಡಿನ ನನ್ನ ಅಂಗಡಿಯಲ್ಲಿ ಈಗ ದಿನವೂ ಅದೇ ವಾಸನೆ. ಹಿಂದೆ ನಾನೇ ತೆಗೆದುಕೊಟ್ಟ ಮದುವೆ ಕ್ಯಾಸೆಟ್ಟುಗಳನ್ನು ಜನ ಹೊತ್ತು ತರುತ್ತಾರೆ, ನಾನು ಒರೆಸಿ, ಸುತ್ತಿ, ಡಿವಿಡಿ ಮಾಡಿಕೊಡುತ್ತೇನೆ.

ಅವತ್ತು ಬಂದದ್ದು ಬನ್ನೂರಿನ ಕಡೆಯ ಮದುವೆ. ಧಾರೆ, ಆರತಕ್ಷತೆ, ಊಟದ ಪಂಕ್ತಿ ಎಲ್ಲ ಮುಗಿದು, ಪರದೆ ಒಂದು ಗಳಿಗೆ ನೀಲಿಯಾಗಿ, ಆಮೇಲೆ ಕೆಸರುಗದ್ದೆ ಕಾಣಿಸಿತು. ಬಗ್ಗಿದ ಹೆಂಗಸರ ಸಾಲು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಪೈರು ನೆಡುತ್ತಿದ್ದರು. ಕ್ಯಾಸೆಟ್ಟು ತಂದಿದ್ದವನು, ಮದುವೆಯ ಹೆಣ್ಣಿನ ತಮ್ಮ, ಮೊಬೈಲಿನಿಂದ ತಲೆ ಎತ್ತಿ ನೋಡಿದ.

“ಇದ್ಯಾವ್ದಣ್ಣ ಕಸ? ಕಿತ್ತಾಕಿ. ಬರೀ ಮದ್ವೆ ಸಾಕು.”

ಕಸವಂತೆ. ನನಗೆ ಮೈ ಉರಿದುಹೋಯಿತು. ಆದರೂ ಗಿರಾಕಿ ಹೇಳಿದ ಮೇಲೆ ಕೀಳಲೇಬೇಕು. ಕಿತ್ತೆ. ಕಿತ್ತದ್ದನ್ನು ಎಸೆಯದೆ ನನ್ನ ಕಂಪ್ಯೂಟರಿಗೆ ತುಂಬಿಕೊಂಡೆ.

ಅದು ಟೀಚರಮ್ಮನ ಸಿನಿಮಾ. ಅವರು ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ನನ್ನ ಅಂಗಡಿಗೆ ಮೊದಲು ಬಂದದ್ದು ತೊಂಬತ್ತರ ದಶಕದ ಒಂದು ಆಷಾಢದಲ್ಲಿ. ಆಷಾಢ ಬಂತೆಂದರೆ ಮದುವೆ ಇಲ್ಲ, ಮದುವೆ ಇಲ್ಲವೆಂದರೆ ನನ್ನ ಕ್ಯಾಮೆರಾಕ್ಕೆ ಬೀರುವಿನಲ್ಲೇ ವಾಸ. ಸಾಲ ಮಾಡಿ ತಂದ ಕ್ಯಾಮೆರಾ ಸುಮ್ಮನೆ ಮಲಗಿರುವುದನ್ನು ನೋಡುತ್ತ ನಾನು ಬಾಗಿಲಲ್ಲಿ ಕೂತಿದ್ದೆ. ಅವರು ಬಂದು ಬಾಡಿಗೆಗೆ ಕೇಳಿದರು. ಯಾವ ಫಂಕ್ಷನ್ ಮೇಡಂ ಅಂದೆ.

“ಫಂಕ್ಷನ್ ಅಲ್ಲಪ್ಪ, ನಾಟಿ.”

ನಕ್ಕುಬಿಟ್ಟೆ. ಅವರು ನಗಲಿಲ್ಲ. ಕ್ಯಾಮೆರಾ ಒಬ್ಬರ ಕೈಗೆ ಕೊಟ್ಟು ಕಳಿಸುವ ಜಾಯಮಾನ ನನ್ನದಲ್ಲ, ಹಾಗಾಗಿ ನಾನೇ ಜೊತೆಗೆ ಹೋದೆ. ಎರಡು ಆಷಾಢ ಅವರ ಹಿಂದೆ ಗದ್ದೆ ಬದುವಿನ ಮೇಲೆ ನಡೆದಿದ್ದೇನೆ, ಒಂದು ಕೈಯಲ್ಲಿ ಕ್ಯಾಮೆರಾಕ್ಕೆ ಕೊಡೆ, ಇನ್ನೊಂದು ಕೈಯಲ್ಲಿ ಬ್ಯಾಟರಿ. ಮೂಗೂರಿನಿಂದ ಟೆಂಪೋದಲ್ಲಿ ಬನ್ನೂರಿನ ಬಯಲಿಗೆ ಬರುವ ನಾಟಿ ಹೆಂಗಸರ ತಂಡ ಅದು. ಹಾಡು ಹೇಳಿಸಿ ಮೇಡಂ, ಚೆನ್ನಾಗಿರುತ್ತೆ ಅಂದೆ. ಬೇಡವೆಂದರು. ಅವರಿಗೆ ಬೇಕಾಗಿದ್ದದ್ದು ಕಾಲು. ಕೆಸರಿನಲ್ಲಿ ನೆಂದು ನೆಂದು ಬೆರಳಿನ ಸಂದು ಬಿರಿದ ಕಾಲು. ತಂಡದ ಹಿರಿಯಳು ಬದುವಿನ ಮೇಲೆ ಕೂತು, ಕಾಲು ಮುಂದೆ ಚಾಚಿ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ.

“ಎಮ್ಮೆ ಕಾಲ್ಗೆ ಗಾಯ ಆದ್ರೆ ಡಾಕ್ಟ್ರು ಬತ್ತಾರೆ. ನಮ್ ಕಾಲ್ಗೆ ಬೇವಿನೆಣ್ಣೆ. ಯಜಮಾನ್ರುನ್ನ ಒಂದ್ ಮಾತು ಕೇಳ್ಬೇಕು ಅಂತ ಅವ್ನಿ...”

ಅಷ್ಟರಲ್ಲಿ ಗದ್ದೆಯಿಂದ ಯಾರೋ ಕೂಗುತ್ತಾರೆ, ಅವಳು ಎದ್ದು ಹೋಗುತ್ತಾಳೆ. ಅವಳು ಆ ಮಾತನ್ನು ಕೇಳುವುದು ಸಿನಿಮಾದ ಕಟ್ಟಕಡೆಗೆ, ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಂತು, ಕ್ಯಾಮೆರಾ ನೋಡಿಕೊಂಡು. ಹಾಗೆ ಜೋಡಿಸಿದ್ದು ಟೀಚರಮ್ಮ. ನನ್ನ ಹಿಂದಿನ ಕೋಣೆಯಲ್ಲಿ, ಎರಡು ವಿಸಿಆರ್ ಎದುರುಬದುರು ಇಟ್ಟುಕೊಂಡು, ಕರೆಂಟು ಹೋದಾಗಲೆಲ್ಲ ಮೊದಲಿನಿಂದ ಶುರು ಮಾಡಿಕೊಂಡು... ಐವತ್ತೆರಡು ನಿಮಿಷದ ಸಿನಿಮಾ ಆಯಿತು.

ಮಾಡಿದ್ದೇನೋ ಆಯಿತು, ತೋರಿಸುವುದು ಎಲ್ಲಿ? ಥಿಯೇಟರಿನವರು ಹೀರೋ ಯಾರು ಅಂದರು. ಬೆಂಗಳೂರಿನ ಟಿವಿ ಆಫೀಸಿಗೆ ಕಳಿಸಿದ ಕ್ಯಾಸೆಟ್ಟು ಬಿಚ್ಚಿಯೂ ನೋಡದೆ ವಾಪಸು ಬಂತು. ನಮ್ಮೂರ ಕೇಬಲ್ಲಿನವನು ಎರಡು ಹಾಡಿನ ನಡುವೆ ಐದು ನಿಮಿಷ ಹಾಕುತ್ತೇನೆ ಅಂದ. ಟೀಚರಮ್ಮ ಅಂಗಡಿಯ ಬೆಂಚಿನ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿದ್ದರು. ಅವರನ್ನು ಹಾಗೆ ನೋಡಲಾಗದೆ ನಾನೇ ದಾರಿ ಹೇಳಿದೆ. ಮದುವೆಗೆ ನಾನು ಕೊಡುವುದು ಮೂರು ಗಂಟೆಯ ಕ್ಯಾಸೆಟ್ಟು. ಮದುವೆ ಎರಡೂವರೆ ಗಂಟೆಗೆ ಮುಗಿಯುತ್ತದೆ. ಉಳಿದ ಟೇಪು ಖಾಲಿ. ಅಲ್ಲಿಗೆ ಹಿಡಿದಷ್ಟು ಹಾಕೋಣ. ಮದುವೆ ಕ್ಯಾಸೆಟ್ಟನ್ನು ಒಂದು ಮನೆಯವರಷ್ಟೇ ನೋಡುವುದಿಲ್ಲ, ಬೀಗರು ಒಯ್ಯುತ್ತಾರೆ, ಊರೇ ಜಗಲಿ ಮೇಲೆ ಕೂತು ನೋಡುತ್ತದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಹಲ್ಲನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಮದುವೆ ಅಳಿಯದಿರಲೆಂದು ನಾನು ಎಲ್ಲದರ ಹಲ್ಲೂ ಮುರಿದೇ ಕೊಡುತ್ತಿದ್ದೆ. ಮದುವೆ ಉಳಿದರೆ ಸಿನಿಮಾವೂ ಉಳಿಯಿತು.

ಅವರ ಮುಖದಲ್ಲಿ ನಗು ನೋಡಿದ್ದು ಅವತ್ತೇ. ಗಿರಾಕಿಗಳಿಗೆ ಕೊನೆಯಲ್ಲಿ ಒಂದು ಪಿಚ್ಚರ್ ಫ್ರೀ ಅಂದೆ. ಖುಷಿಪಟ್ಟರು, ಹಾಡು ಇದೆಯಾ ಅಂದರು.

ಆಗ ಬಂದದ್ದು ಬನ್ನೂರು ಕಡೆಯ ಯಜಮಾನರು, ಈ ಕಸ ಎಂದ ಹುಡುಗನ ತಂದೆ. ಮಗಳ ಮದುವೆ ಕ್ಯಾಸೆಟ್ಟನ್ನು ಜಗಲಿಯಲ್ಲಿ ಹಾಕಿದ್ದರಂತೆ. ನಾಟಿಗೆ ಬಂದಿದ್ದ ಮೂಗೂರಿನ ಹೆಂಗಸರೂ ಅಂಗಳದಲ್ಲಿ ಕೂತು ನೋಡಿದ್ದಾರೆ. ಮದುವೆ ಮುಗಿದು ಪರದೆ ಮೇಲೆ ಯಜಮಾನರ ಗದ್ದೆಯೇ ಬಂತು, ಆ ಹೆಂಗಸರೇ ಬಂದರು. ಹಿರಿಯಳು ‘ಒಂದ್ ಮಾತು ಕೇಳ್ಬೇಕು’ ಅನ್ನುವ ಹೊತ್ತಿಗೆ ಸರಿಯಾಗಿ ಟೇಪು ಮುಗಿದುಹೋಯಿತು.

“ನಮ್ಮನೆ ಟೀವಿ, ನಮ್ಮನೆ ಕರೆಂಟು, ನಮ್ಮನೆ ಜಗ್ಲಿ. ಅಲ್ಲೇ ಕುಂಡ್ರುಸ್ಕಂಡು ನಮ್ಮುನ್ನೇ ಬಯ್ಸುದ್ಯಲ್ಲಾ.”

“ಬೈದಿಲ್ಲ ಯಜಮಾನ್ರೇ, ಇನ್ನೂ ಕೇಳೇ ಇಲ್ವಲ್ಲ ಅವ್ರು.”

“ಅದೇ ಕಣ್ಲಾ ನಾನೂ ಕೇಳ್ತಿರದು. ಏನ್ ಕೇಳ್ಬೇಕು ಅಂತಿದ್ಲು ಆ ಮುದ್ಕಿ?”

ಮೂಲ ಕ್ಯಾಸೆಟ್ಟು ಟೀಚರಮ್ಮನ ಬಳಿಯಿತ್ತು. ಅವರಿಗೆ ವಿಷಯ ಮುಟ್ಟಿಸಿದೆ. ಅವಳನ್ನೇ ಕೇಳಬಹುದಿತ್ತಲ್ಲ, ಅಂಗಳದಲ್ಲೇ ಇದ್ದಳಲ್ಲ ಅಂದರು ಅವರು. ಆಮೇಲೆ, ಅದೇ ಅಂಗಳದಲ್ಲಿ ಅದೇ ಹೆಂಗಸರನ್ನು ಕೂರಿಸಿಕೊಂಡು ನೋಡುವುದಾದರೆ ತಾನೇ ಪೂರ್ತಿ ತಂದು ಹಾಕುತ್ತೇನೆಂದರು. ನನಗೊಬ್ಬನಿಗೇ ತೋರಿಸುವುದಾದರೆ ತೋರಿಸು, ಆಳುಗಳ ಮುಂದೆ ನಾನ್ಯಾಕೆ ಕೂರಲಿ ಅಂದರು ಯಜಮಾನರು. ಇವರು ಬಗ್ಗಲಿಲ್ಲ, ಅವರು ಜಗ್ಗಲಿಲ್ಲ. ನಡುವೆ ಬಸ್ಸಿನಲ್ಲಿ ತಿರುಗಿ ಸುಸ್ತಾದವನು ನಾನು.

ನನಗೂ ಟೀಚರಮ್ಮನಿಗೂ ಜಗಳ ಹತ್ತಿತು. ಎಲ್ಲ ಮನೆಯಲ್ಲೂ ಕೊನೆಯಿಲ್ಲದೆಯೇ ಸಿನಿಮಾ ನಿಲ್ಲುತ್ತಿದೆ ಎಂದು ಅವರಿಗೆ ಸಂಕಟ. ಹಾಗಾದರೆ ಇಪ್ಪತ್ತು ನಿಮಿಷಕ್ಕೆ ಇಳಿಸಿ ಅಂದೆ.

“ಅರ್ಧ ಗದ್ದೆ ನೆಟ್ಟು ಎದ್ದು ಬರ್ತಾರೇನಪ್ಪ? ನಿನ್ನ ಮದುವೆನೇ ಕಮ್ಮಿ ಮಾಡು.”

ಜನ ದುಡ್ಡು ಕೊಟ್ಟು ತೆಗೆಸಿದ ಮದುವೆ, ಅದರಲ್ಲಿ ಒಂದು ಅಕ್ಷತೆ ಕಾಳನ್ನೂ ನಾನು ಕಡಿಮೆ ಮಾಡುವವನಲ್ಲ. ಹಾಗಂತ ಹೇಳಿದೆ. ಸರಿ, ಒಂದು ಪೂರ್ತಿ ಪ್ರತಿ ನನ್ನ ಅಂಗಡಿಯಲ್ಲಿ ಇರಲಿ ಎಂದು ಕೇಳಿದೆ. ಅದಕ್ಕೂ ಒಪ್ಪಲಿಲ್ಲ. ಪ್ರತಿ ಸಲ ಬಸ್ಸಿನಲ್ಲಿ ತಂದು, ಕಾಪಿ ಆಗುವ ತನಕ ಪಕ್ಕದಲ್ಲೇ ಕೂತು, ಟವೆಲಿನಲ್ಲಿ ಸುತ್ತಿ ವಾಪಸು ಒಯ್ಯುತ್ತಿದ್ದರು. ಕ್ಯಾಮೆರಾ ನನ್ನದು, ಮೆಷಿನ್ನು ನನ್ನದು, ದಾರಿ ಹೇಳಿದ್ದು ನಾನು. ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಬೇಕೆಂದಿದ್ದೆ. ಅಭಿಮಾನ ಬಿಡಲಿಲ್ಲ, ಕೇಳಲಿಲ್ಲ.

ಪೂರ್ತಿ ಹಿಡಿದದ್ದು ಒಂದೇ ಒಂದು ಕ್ಯಾಸೆಟ್ಟಿಗೆ. ಮೂಗೂರಿನಲ್ಲಿ ಆ ಹಿರಿಯಳ ಮಗನ ಮದುವೆ. ಬುದ್ಧನ ಫೋಟೋದ ಮುಂದೆ ಹಾರ ಬದಲಾಯಿಸಿಕೊಂಡರು, ಮೂರು ಮಾತು, ಊಟ. ಒಂದು ಗಂಟೆಗೆ ಮದುವೆ ಮುಗಿದಿತ್ತು. ಟೀಚರಮ್ಮ ಅವತ್ತು ಕಾಪಿ ಮುಗಿಯುವವರೆಗೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ಮನೆಯಲ್ಲಿ ಟಿವಿ ಇರಲಿಲ್ಲ.

ಆಮೇಲೆ ಅವರಿಗೆ ವರ್ಗವಾಯಿತು. ಮದುವೆಗಳಿಗೆ ಸಿಡಿ ಬಂತು, ಬಾಲವೇ ಇಲ್ಲದಾಯಿತು. ಟೀಚರಮ್ಮ ಬರುವುದು ನಿಂತಿತು... ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಡವಾಗಿ. ಅವರ ತಮ್ಮನ ಮನೆ ಹುಡುಕಿಕೊಂಡು ಹೋದೆ. ಹಳೇ ಕ್ಯಾಸೆಟ್ಟೆಲ್ಲ ಗುಜರಿಗೆ ಹಾಕಿದೆವು ಅಂದರು, ಕಾಫಿ ಕೊಟ್ಟರು. ಕುಡಿಯದೆ ಎದ್ದು ಬಂದೆ.

ಯಜಮಾನರೂ ಈಗಿಲ್ಲ. ಅವಳು ಕೇಳಬೇಕೆಂದಿದ್ದ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

ಮೊನ್ನೆ ಕಸ ಕಿತ್ತ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹಳೆಯ ಗಿರಾಕಿಗಳ ಮನೆಗೆಲ್ಲ ಹೋಗಿ ಕ್ಯಾಸೆಟ್ಟು ಕೇಳಿದೆ. ಎಲ್ಲದರಲ್ಲೂ ಆರಂಭವೇ. ಯಾವುದೂ ಹಿರಿಯಳ ‘ಕೇಳ್ಬೇಕು ಅಂತ ಅವ್ನಿ’ ದಾಟುವುದಿಲ್ಲ. ಕೊನೆಗೆ ಪ್ಲೇಯರ್ ಹೊತ್ತುಕೊಂಡು ಮೂಗೂರಿಗೆ ಹೋದೆ. ಆ ಮದುಮಗನ ಮೀಸೆ ಈಗ ಬೆಳ್ಳಗಾಗಿದೆ. ತಾಯಿ ಹೋಗಿ ವರ್ಷಗಳಾದವಂತೆ. ಟ್ರಂಕಿನ ತಳದಿಂದ, ನುಸಿಗುಳಿಗೆ ವಾಸನೆಯ ಸೀರೆಗಳ ಕೆಳಗಿನಿಂದ ಕ್ಯಾಸೆಟ್ಟು ತಂದ. ಮನೆಯವರೆಲ್ಲ ಬಂದು ಕೂತರು.

ಮದುವೆ ಬಂತು. ಗದ್ದೆ ಬಂತು. ಬದುವಿನ ಮೇಲೆ ಅವರವ್ವ ಕಾಲು ಚಾಚಿ ಮಾತಾಡಿದಳು, ಎಲ್ಲ ಅಳುತ್ತ ನಕ್ಕರು. ಟೇಪು ಅಲ್ಲಿಗೆ ನಿಲ್ಲದೆ ಮುಂದೆ ಓಡಿತು. ನಾನು ಪರದೆಗೆ ಹತ್ತಿರ ಸರಿದು ಕೂತೆ. ಕೊನೆಯ ನಾಲ್ಕು ನಿಮಿಷ ಇರುವಾಗ ಶಬ್ದ ಗರಗರ ಎಂದು ಸತ್ತುಹೋಯಿತು. ತೆಗೆದು ನೋಡಿದೆ, ಟೇಪಿನ ಮೇಲಂಚು ನಲುಗಿತ್ತು. ಚಿತ್ರ ಟೇಪಿನ ನಡುವೆ ಇರುತ್ತದೆ, ಶಬ್ದ ಅಂಚಿನಲ್ಲಿ. ಒರೆಸಿದೆ, ನೇವರಿಸಿದೆ, ಮತ್ತೆ ಹಾಕಿದೆ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. ನಮ್ಮನ್ನೇ ನೋಡಿದಳು. ತುಟಿ ಆಡಿತು.

ನೀರು ಅಂದಳು ಎಂದಳು ಸೊಸೆ. ಇಲ್ಲ, ಕಾಲು ಅಂದಳು ಅಂದರು ಯಾರೋ. ಮಗ ನನ್ನ ಕಡೆ ತಿರುಗಿದ.

“ನೀವೇ ಅಲ್ವಾ ಸಾ ಮಾಡ್ದೋರು? ಏನಂದ್ಲು ನಮ್ಮವ್ವ?”

ಜೋಡಿಸುವಾಗ ಎಷ್ಟೋ ಸಲ ಕೇಳಿದ್ದ ಮಾತು. ಆಗ ನನ್ನ ಗಮನವೆಲ್ಲ ಸೌಂಡು ಮೀಟರಿನ ಮುಳ್ಳಿನ ಮೇಲೆ, ಅದು ಕೆಂಪಿಗೆ ಹೋಗದ ಹಾಗೆ. ಬದುವಿನ ಮೇಲಿನ ಮಾತು ಒಂದಕ್ಷರ ಬಿಡದೆ ನೆನಪಿದೆ, ಈ ಮಾತು... ಗೊತ್ತಿಲ್ಲಪ್ಪ ಅಂದೆ.

ಈಗ ನನ್ನ ಹತ್ತಿರ ಇರುವುದಿಷ್ಟು: ಹತ್ತೊಂಬತ್ತು ಮದುವೆ ಕ್ಯಾಸೆಟ್ಟಿನ ಬಾಲ, ಒಂದು ಪೂರ್ತಿ ಕ್ಯಾಸೆಟ್ಟು. ಐವತ್ತೆರಡು ನಿಮಿಷದ ಚಿತ್ರ. ನಲವತ್ತೆಂಟು ನಿಮಿಷದ ಮಾತು.