ಯಾವುದೋ ಸಮುದ್ರದ ಗಾಳಿ, ನಮ್ಮ ಅಟ್ಟದ ಕೊಬ್ಬರಿ

ನಮ್ಮ ವಿಮಾ ಕಂಪನಿಯ ದೊಡ್ಡ ಅಧಿಕಾರಿಗಳು ಅರಸೀಕೆರೆ ಶಾಖೆಯ ತಪಾಸಣೆಗೆ ಬರುತ್ತಾರೆ ಅನ್ನುವುದೆಲ್ಲ ಬರೀ ಸುಳ್ಳು. ಅವರು ಬರುತ್ತಿದ್ದುದು ಬೇಲೂರು, ಹಳೇಬೀಡು ನೋಡುವುದಕ್ಕೆ. ಬೆಳಿಗ್ಗೆ ರೈಲಿಳಿದು, ನಮ್ಮಲ್ಲಿ ಒಂದು ಕಾಫಿ ಕುಡಿದು, ಈ ಫ್ಯಾನು ಯಾಕೆ ಹೀಗೆ ಸದ್ದು ಮಾಡುತ್ತೆ ಎಂದು ಕೇಳಿ ಜೀಪು ಹತ್ತಿದರೆ ಅಲ್ಲಿಗೆ ತಪಾಸಣೆ ಮುಗಿಯಿತು. ಶಾಖೆಯಲ್ಲಿದ್ದ ಏಜೆಂಟರಲ್ಲಿ ನಾನೊಬ್ಬಳೇ ಹೆಂಗಸು. ಸಾಹೇಬರ ಜೊತೆ ಹೆಂಡತಿಯೂ ಬಂದಿದ್ದರೆ ದೇವಸ್ಥಾನ ತೋರಿಸುವ ಭಾಗ್ಯ ನನ್ನದು. ಶಿಲ್ಪದ ಬಗ್ಗೆ ನನಗೆ ಮಣ್ಣೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಬೆಂಗಳೂರಿಂದ ಬಂದಿದ್ದ ಸಾಹೇಬರೊಬ್ಬರು ಹಳೇಬೀಡಿನ ದೇವಸ್ಥಾನದ ಜಗತಿಯ ಮೇಲೆ ಕೂತು, ಕಡಲೆಕಾಯಿ ಸುಲಿಯುತ್ತ, ಇನ್ನು ಮೇಲೆ ಕೊಬ್ಬರಿ ಅಟ್ಟಗಳ ಬೆಂಕಿ ವಿಮೆ ಮುಂದುವರಿಸುವ ಹಾಗಿಲ್ಲ ಎಂದರು. ಯಾಕೆ ಸಾರ್, ಇಲ್ಲಿ ಬೆಂಕಿಯೇ ಬಿದ್ದಿಲ್ಲವಲ್ಲ ಎಂದೆ. ಬೆಂಕಿ ಅಲ್ಲಮ್ಮ, ಗಾಳಿ ಎಂದರು. ಸಾಗರದಾಚೆ ಯಾವುದೋ ದೇಶದಲ್ಲಿ ಒಂದರ ಹಿಂದೊಂದು ಚಂಡಮಾರುತ ಬೀಸಿ ಊರೂರೇ ಕೊಚ್ಚಿಹೋಗಿತ್ತಂತೆ. ನಮ್ಮ ಕಂಪನಿ ತಾನು ಹೊತ್ತ ಹೊರೆಯನ್ನು ಇನ್ನೊಂದು ದೊಡ್ಡ ಕಂಪನಿಯ ತಲೆಗೆ ದಾಟಿಸುತ್ತದೆ, ಅದಕ್ಕೆ ಮರುವಿಮೆ ಅನ್ನುತ್ತಾರೆ. ಆ ದೊಡ್ಡವರು ಗಾಳಿಗೆ ಸಿಕ್ಕಿದವರಿಗೆಲ್ಲ ಪರಿಹಾರ ಕೊಟ್ಟು ಸುಸ್ತಾಗಿದ್ದರು. ಈಗ ದರ ಏರಿಸಿದ್ದರು, ಬೇಗ ಹತ್ತಿಕೊಳ್ಳುವ ಸರಕು ಬೇಡವೇ ಬೇಡ ಎಂದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದನ್ನು ಗಾದೆ ಅಂದುಕೊಂಡಿದ್ದೆ. ಅದು ದೊಡ್ಡವರು ವ್ಯಾಪಾರ ಮಾಡುವ ರೀತಿ ಎಂದು ಅವತ್ತು ಗೊತ್ತಾಯಿತು.

ಸಾಹೇಬರು ಇನ್ನೂ ಒಂದು ಕತೆ ಹೇಳಿ ನಕ್ಕರು. ಹಿಂದೊಮ್ಮೆ ಆ ಮರುವಿಮೆಯವರು ಪರದೇಶದ ಒಂದೇ ಪೇಟೆಯಲ್ಲಿ ಕೂತು, ಇವನ ಹೊರೆ ಅವನಿಗೆ, ಅವನದ್ದು ಇನ್ನೊಬ್ಬನಿಗೆ ಎಂದು ತಮ್ಮತಮ್ಮಲ್ಲೇ ದಾಟಿಸಿಕೊಂಡು ನಿಶ್ಚಿಂತರಾಗಿದ್ದರಂತೆ. ಗಾಳಿ ಬೀಸಿದಾಗ ನಷ್ಟ ಊರೆಲ್ಲ ಸುತ್ತಿ ತಿರುಗಿ ಅವರವರ ಮನೆಗೇ ಬಂತಂತೆ. ಇಂಥ ಮಹಾ ಬುದ್ಧಿವಂತರ ಕೈಯಲ್ಲಿ ನಮ್ಮ ಅಟ್ಟಗಳಿದ್ದವು.

ನನಗೆ ಮೊದಲು ನೆನಪಾದದ್ದು ಚಿಕ್ಕಪ್ಪ. ಚಿಕ್ಕಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆ ವರ್ಷವಿಡೀ ಅವನ ಬದುಕೆಲ್ಲ ಹೆಂಚಿನ ಕೆಳಗೆ ಒಣಗುತ್ತಿರುತ್ತದೆ. ಅದೊಂದು ಹೋದರೆ ಇನ್ನೊಬ್ಬರ ಮಂಡಿಯಲ್ಲಿ ಕೆಲಸಕ್ಕೆ ನಿಲ್ಲಬೇಕು. ಸಾವಿಗೂ ಹೆದರದ ಆಸಾಮಿ, ಅದಕ್ಕೆ ಹೆದರುತ್ತಿದ್ದ. ಬೆಂಕಿ ಬೀಳ್ಲಿ ಅಂತ ನಾನೇ ದುಡ್ಡು ಕಟ್ಟೋದಾ ಎಂದು ಮೊದಮೊದಲು ಗೇಲಿ ಮಾಡಿದವನನ್ನು ಕಾಡಿ ಬೇಡಿ ನಾನೇ ವಿಮೆ ಮಾಡಿಸಿದ್ದೆ. ಈಗ ನಾನೇ ಹೋಗಿ ಇಲ್ಲ ಅನ್ನಬೇಕು. ಬೇರೆ ಕಂಪನಿಗಳ ಬಾಗಿಲನ್ನೂ ತಟ್ಟಿದೆ. ಎಲ್ಲರೂ ಅದೇ ದೊಡ್ಡವರ ಮುಖ ನೋಡುವವರೇ, ಎಲ್ಲ ಕಡೆಯೂ ಅದೇ ಉತ್ತರ.

ಹೋಗಿ ಹೇಳಿದಾಗ ಚಿಕ್ಕಪ್ಪ ರೇಗಲಿಲ್ಲ. ಅವನ ಮನೆಯ ಸಾಲಿನಲ್ಲಿದ್ದವರೆಲ್ಲ ನೆಂಟರೇ, ಎಲ್ಲರದ್ದೂ ಕೊಬ್ಬರಿ ವ್ಯಾಪಾರವೇ. ಒಂದು ಭಾನುವಾರ ಜಗಲಿ ಮೇಲೆ ಕೂತು ತಾವೇ ಒಂದು ಏರ್ಪಾಡು ಮಾಡಿಕೊಂಡರು. ಪ್ರತಿಯೊಬ್ಬನೂ ತನ್ನ ಕಾಯಿಯನ್ನು ಎಲ್ಲರ ಅಟ್ಟದಲ್ಲೂ ಒಂದಿಷ್ಟೊಂದಿಷ್ಟು ಇಡುವುದು. ಒಂದು ಅಟ್ಟ ಹೋದರೆ ಎಲ್ಲರಿಗೂ ಸ್ವಲ್ಪ ನಷ್ಟ, ಯಾರೂ ಮುಳುಗುವುದಿಲ್ಲ. ಉಪಾಯವೇನೋ ಚೆನ್ನಾಗಿತ್ತು. ಆದರೆ ಆ ಸಾಲಿನ ಮನೆಗಳಿಗೆ ಗೋಡೆ ಒಂದೇ, ಹೆಂಚಿಗೆ ಹೆಂಚು ತಾಗಿತ್ತು. ಅರ್ಧ ಕಾಯಿಯಾದರೂ ಹಾರನಹಳ್ಳಿಗೋ ಜಾವಗಲ್ಲಿಗೋ ಸಾಗಿಸಿ ಎಂದು ಬಡಕೊಂಡೆ, ಸಾಹೇಬರು ಹೇಳಿದ ಪರದೇಶದ ಪೇಟೆಯ ಕತೆಯನ್ನೂ ಹೇಳಿದೆ.

ಚಿಕ್ಕಪ್ಪ ನಕ್ಕುಬಿಟ್ಟ. "ಕಂಡೋರ ಅಟ್ಟದಾಗೆ ನಮ್ ಕಾಯಿ ಮಡಗಕ್ಕಾಯ್ತದೇನವ್ವ? ನಮ್ಮೋರು ಅಂದ್ರೆ ಕೂಗಿದ್ರೆ ಕೇಳುಸ್ಬೇಕು."

ಅದೊಂದೇ ನಂಬಿಕೆ ಇವರದ್ದು. ಹೆಣ್ಣು ತರುವುದೂ ಅಲ್ಲೇ, ಕಾಯಿ ಇಡುವುದೂ ಅಲ್ಲೇ. ನೆಂಟಸ್ತನ ಕಂಡರೆ ಬೆಂಕಿ ಪಕ್ಕಕ್ಕೆ ಸರಿದು ಹೋಗುತ್ತದೆ ಅಂದುಕೊಂಡಿದ್ದರೋ ಏನೋ. ಮೈಯೆಲ್ಲ ಉರಿದುಹೋಯಿತು, ಹಾಳಾಗಿಹೋಗಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಎದ್ದು ಬಂದೆ.

ಬೇಸಿಗೆಯ ಒಂದು ಮಧ್ಯಾಹ್ನ ಸಾಲಿನ ತುದಿಯ ಮನೆಯಲ್ಲಿ ಹೊಗೆ ಎದ್ದಿತು. ಒಲೆಯ ಕಿಡಿಯೋ, ಕರೆಂಟಿನ ವೈರೋ, ಇವತ್ತಿಗೂ ಗೊತ್ತಿಲ್ಲ. ಕೂಗಿದ್ದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಕೊಡ ಹಿಡಿದು ಆ ಮನೆಗೆ ಓಡಿದರು, ಅಷ್ಟರಲ್ಲಿ ಅವರವರ ಅಟ್ಟವೇ ಹತ್ತಿಕೊಂಡಿತ್ತು. ಒಣಗಿದ ಸಿಪ್ಪೆ, ಎಣ್ಣೆಯ ಕೊಬ್ಬರಿ, ಕೇಳಬೇಕೇ? ಅಗ್ನಿಶಾಮಕದವರು ಬರುವ ಹೊತ್ತಿಗೆ ಸಾಲಿಗೆ ಸಾಲೇ ಉರಿಯುತ್ತಿತ್ತು. ಪುಣ್ಯಕ್ಕೆ ಜನರಿಗೇನೂ ಆಗಲಿಲ್ಲ. ನಮ್ಮ ಕಡೆ ಒಂದು ಮನೆಗೆ ಆಪತ್ತು ಬಂದರೆ ಆ ದಿನ ಪಕ್ಕದ ಮನೆಯವರು ಅಡುಗೆ ಮಾಡಿ ಕಳಿಸುತ್ತಾರೆ. ಅವತ್ತು ಕಳಿಸುವುದಕ್ಕೆ ಪಕ್ಕದ ಮನೆ ಅನ್ನುವುದೇ ಉಳಿದಿರಲಿಲ್ಲ. ನಾನು ಒಂದು ಪಾತ್ರೆ ಚಿತ್ರಾನ್ನ ಮಾಡಿಕೊಂಡು ಹೋದೆ. ಚಿಕ್ಕಮ್ಮ ಅದನ್ನು ಇಡೀ ಸಾಲಿಗೆ ಹಂಚುತ್ತ ಕೂತಳು. ಎಲ್ಲರಿಗೂ ಸ್ವಲ್ಪಸ್ವಲ್ಪ ಬಂತು, ಯಾರ ಹೊಟ್ಟೆಯೂ ತುಂಬಲಿಲ್ಲ.

ವರ್ಷ ಕಳೆದ ಮೇಲೆ ಅದೇ ಸಾಹೇಬರು ಮತ್ತೆ ಬಂದರು. ಈ ಸಲ ಆ ಕಡೆ ಗಾಳಿಯೇ ಎದ್ದಿಲ್ಲ ಎಂದು ಖುಷಿಯಾಗಿದ್ದರು. ಏರಿದ ದರ ನೋಡಿ ಮರುವಿಮೆಗೆ ಹಣ ಹೂಡುವವರು ಸಾಲುಗಟ್ಟಿದ್ದರಂತೆ, ಅವರವರಲ್ಲೇ ಪೈಪೋಟಿಯಾಗಿ ದರ ಇಳಿದಿತ್ತಂತೆ. ಕೊಬ್ಬರಿ ಅಟ್ಟವೂ ಆಗಬಹುದು, ಹಳೇ ಗಿರಾಕಿಗಳನ್ನೆಲ್ಲ ಹಿಡೀರಿ ಎಂದರು. ಥೂ ಇವರ ಜನ್ಮಕ್ಕಿಷ್ಟು. ಬನ್ನಿ ಸಾರ್, ಹಳೇ ಗಿರಾಕಿಯ ಹತ್ತಿರವೇ ಹೋಗೋಣ ಎಂದು ಚಿಕ್ಕಪ್ಪ ಕೊಬ್ಬರಿ ತೂಗುತ್ತಿದ್ದ ಮಂಡಿಗೆ ಕರೆದುಕೊಂಡು ಹೋದೆ. ನನ್ನ ಬಾಯಿಂದ ಆಡಲಾಗದ್ದನ್ನು ಅವನಾದರೂ ಆಡಲಿ, ಚೆನ್ನಾಗಿ ಉಗಿಯಲಿ ಅನ್ನುವುದು ನನ್ನ ಆಸೆ.

ಸಾಹೇಬರು ಎಲ್ಲವನ್ನೂ ವಿವರಿಸಿದರು. ಚಿಕ್ಕಪ್ಪ ಕೊನೆಯವರೆಗೂ ಕೇಳಿದ. ಉಗಿಯಲಿಲ್ಲ. ತಕ್ಕಡಿ ಬಿಟ್ಟು ಎದ್ದು ನಿಂತ, ಹೆಗಲ ಮೇಲಿನ ಟವಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡ.

"ನಂದೇನೂ ಇಲ್ಲ ಸ್ವಾಮಿ. ಯಜಮಾನ್ರು ಊಟಕ್ಕೆ ಹೋಗವ್ರೆ. ಬಂದ್ ಮ್ಯಾಲೆ ಒಂದು ಮಾತು ಯೋಳ್ತೀನಿ."

ಅವನು ಇನ್ನೊಬ್ಬರನ್ನು ಯಜಮಾನ್ರು ಅಂದದ್ದು ನಾನು ಕೇಳಿದ್ದು ಅದೇ ಮೊದಲು. ಸಾಹೇಬರು ಪರವಾಗಿಲ್ಲ, ಕಾಯುತ್ತೇವೆ ಎಂದರು.