ಏಳು ಎನ್ನಬಾರದ ಗುಡಿ

ನಾನು ಕಂಪ್ಲಿಯವಳು. ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದವಳು ಮದುವೆಯಾಗಿ ಸಂಡೂರು ಗುಡ್ಡದ ಬುಡದ ಹಳ್ಳಿಗೆ ಬಂದೆ. ಗುಡ್ಡದ ಮೇಲಿನ ಅಮ್ಮನ ಪೂಜೆ ನಮ್ಮ ಮನೆತನದ್ದು, ಅತ್ತೆಯಿಂದ ಸೊಸೆಗೆ ಬರುವಂಥದ್ದು. ಅತ್ತೆಯ ಮೊಣಕಾಲು ಹಿಡಿದುಕೊಂಡ ವರ್ಷ ಅದು ನನ್ನ ಪಾಲಿಗೆ ಬಂತು. ಮಂಗಳವಾರ, ಶುಕ್ರವಾರ ರೊಟ್ಟಿ ಬಡಿದಿಟ್ಟು, ಸೊಂಟದ ಮೇಲೆ ನೀರಿನ ಕೊಡ ಹೊತ್ತು ಹತ್ತಬೇಕು. ಮೇಲೆ ಹನಿ ನೀರಿಲ್ಲ.

ಗುಡಿಯೇನು ದೊಡ್ಡದಲ್ಲ. ನಾಲ್ಕು ಕಲ್ಲಿನ ಕಂಬ, ಮೇಲೆ ಚಪ್ಪಡಿ, ಒಳಗೆ ಮೊಣಕಾಲು ಮಡಿಸಿ ಕೂತ ಹೆಣ್ಣಿನ ಕಲ್ಲು. ಹಂಪಿಗಿಂತ ಹಳೆಯದು ಎಂದು ಊರವರು ಹೇಳುತ್ತಿದ್ದರು. ಕತೆ ಹೇಳಿದ್ದು ಅತ್ತೆ. ಹಿಂದೆ ಈ ಗುಡ್ಡದಲ್ಲಿ ಕಬ್ಬಿಣ ಕಾಸುವವರಿದ್ದರಂತೆ. ಅವರ ಸೊಸೆ ದಿನವೂ ಕೆಳಗಿನಿಂದ ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಸುಸ್ತಾಗಿ ದಾರಿಯಲ್ಲೇ ಕೂತಳು. ಅತ್ತೆ ಬಂದು ಏಳು ಎಂದಳು, ಮಾವ ಏಳು ಎಂದ, ಗಂಡನೂ ಏಳು ಎಂದ. ಇನ್ನು ಏಳುವುದಿಲ್ಲ ಎಂದವಳು ಕೂತಲ್ಲೇ ಕಲ್ಲಾದಳು. ಅದಕ್ಕೇ ಆ ಗುಡಿಯಲ್ಲಿ ಯಾರೂ 'ಏಳು' ಎನ್ನುವಂತಿಲ್ಲ. ತೆಂಗಿನಕಾಯಿ ಎಣಿಸುವಾಗಲೂ ಆರಾದ ಮೇಲೆ 'ಮತ್ತೊಂದು' ಎಂದು ಎಂಟಕ್ಕೆ ಹೋಗಬೇಕು. ಹೊಸತರಲ್ಲಿ ಇದನ್ನು ಕೇಳಿ ನಕ್ಕಿದ್ದೆ. ಕೊಡ ನನ್ನ ಸೊಂಟಕ್ಕೆ ಬಂದ ಮೇಲೆ ನಗು ಬರಲಿಲ್ಲ.

ಆಮೇಲೆ ಗಣಿಗಳು ಜೋರಾದವು. ಗಂಡ ಟಿಪ್ಪರ್ ಓಡಿಸುತ್ತಿದ್ದರು. ಹೊಸಪೇಟೆ ರಸ್ತೆಯ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡರೆ ಎರಡು ದಿನ ಮನೆಗಿಲ್ಲ. ಒಗೆದ ಸೀರೆ ಒಣಗುವಷ್ಟರಲ್ಲಿ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಗುಡಿಯ ಆಚೆ ಮಗ್ಗುಲಲ್ಲಿ ಬಂಡೆ ಸಿಡಿಸಲು ಶುರು ಮಾಡಿದರು. ಒಂದು ಶುಕ್ರವಾರ ಹತ್ತಿ ಹೋದರೆ ಚಪ್ಪಡಿ ಬಿರುಕು ಬಿಟ್ಟಿತ್ತು, ಒಂದು ಕಂಬ ವಾಲಿತ್ತು.

ಅಮ್ಮನನ್ನು ಕೆಳಗೆ ತರುವುದೆಂದು ಹಿರಿಯರು ತೀರ್ಮಾನಿಸಿದರು. ಆದರೆ ಏಳು ಎನ್ನದೆ ದೇವರನ್ನು ಎಬ್ಬಿಸುವುದು ಹೇಗೆ? ಒಬ್ಬರೂ ಮುಂದೆ ಬರಲಿಲ್ಲ. ಪೂಜೆ ಮಾಡುವವಳು ನೀನು, ನೀನೇ ಹೇಳಬೇಕು ಎಂದು ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ಕೂತೆ. ಹೆದರಿದೆನೆಂದು ಅವರು ತಿಳಿದರು. ನಿಜ ಹೇಳಬೇಕೆಂದರೆ, ಇನ್ನು ಹತ್ತುವುದು ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾಗಿದ್ದೆ, ಅದು ಮುಖದಲ್ಲಿ ಕಾಣಬಾರದಿತ್ತು. ಕೊನೆಗೆ ಅತ್ತೆಯೇ ತನ್ನನ್ನು ಮೇಲೆ ಕರೆದೊಯ್ಯಲು ಹೇಳಿದರು.

ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತರು. ಅತ್ತೆ ಕಲ್ಲಿನ ಮುಂದೆ ಕೂತರು. ಆಮೇಲೆ ಅದರ ಮಂಡಿಯ ಮೇಲೆ ಕೈಯಿಟ್ಟು ಹೇಳಿದರು:

"ಕುಂತಂಗ ಕುಂತಿರು ತಾಯಿ. ಯಾರೂ ನಿನ್ನ ಎಬ್ಬಿಸಂಗಿಲ್ಲ. ಈ ಸಲ ಹೊರೋರು ನಾವು."

ಗಂಡಸರು ಹಾರೆ ಹಾಕಿ ಅಡಿಗಲ್ಲಿನ ಸಮೇತ ಅಮ್ಮನನ್ನು ಕಿತ್ತರು. ಇದ್ದವರೆಲ್ಲ ಅದಕ್ಕೆ ಹೆಗಲು ಕೊಡಬೇಕಾಯಿತು. ಕುರ್ಚಿ ಹೊರಲು ಯಾರೂ ಉಳಿಯಲಿಲ್ಲ. ಅತ್ತೆ ನನ್ನ ಹೆಗಲು ಹಿಡಿದು ನಡೆದೇ ಇಳಿದರು. ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದರು. ಅರ್ಧ ದಾರಿಯಲ್ಲಿ, ನನ್ನ ಮುಖ ನೋಡದೆ, "ಇಷ್ಟು ವರ್ಷ ಹೊತ್ತಿ. ಕಾಲು ನೋಯ್ತಾವೇನು ಅಂತ ನಾ ಒಮ್ಮೀನೂ ಕೇಳ್ಲಿಲ್ಲ" ಎಂದರು.

"ನೋಯ್ತಾವ್ರಿ ಅತ್ತಿ" ಎಂದೆ. ಅಷ್ಟೇ. ಇಬ್ಬರೂ ಇನ್ನಷ್ಟು ಹೊತ್ತು ಅಲ್ಲೇ ಕೂತೆವು. ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು.

ರಸ್ತೆ ಪಕ್ಕ ಟೈಲ್ಸ್ ಹಾಕಿದ ಗುಡಿಯಾಯಿತು, ಮುಂದೆ ನಲ್ಲಿ ಬಂತು. ಲಾರಿ ಡ್ರೈವರುಗಳು ಇಳಿದು ಊದುಬತ್ತಿ ಹಚ್ಚಿ ಹೋಗುತ್ತಿದ್ದರು. ಎರಡು ವರ್ಷಕ್ಕೆ ಅತ್ತೆ ತೀರಿಕೊಂಡರು. ಮುಂದೆ ಗಣಿಗಳು ನಿಂತಾಗ ಗಂಡ ತುಂಗಭದ್ರಾ ಡ್ಯಾಂ ಕಡೆ ಬೇರೆ ಗಾಡಿ ಓಡಿಸಲು ಹೋದರು. ಹತ್ತುವ ಕೆಲಸ ತಪ್ಪಿದರೂ ನನ್ನ ಮೈ ಹಗುರಾಗಲಿಲ್ಲ. ಸಂಜೆಯಾದರೆ ಈಗಲೂ ಸಾಕೆನಿಸುತ್ತದೆ.

ಮೊನ್ನೆ ಮಗಳು ಹಳೆಯ ಗುಡಿ ಎಲ್ಲಿತ್ತು ಎಂದು ಕೇಳಿದಳು. ಅಂಗಳಕ್ಕೆ ಬಂದು ನೋಡಿದೆ. ಗುಡ್ಡದ ಆ ಮಗ್ಗುಲನ್ನೆಲ್ಲ ಗಣಿಯವರು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹಾಕಿದ್ದಾರೆ. ಎತ್ತ ಕೈ ತೋರಿಸಬೇಕೆಂದು ನನಗೆ ತಿಳಿಯಲಿಲ್ಲ.