ಕೈ ಎತ್ತುವ ಹಕ್ಕು

ಅಕ್ಕೋರ ಎಡಗಣ್ಣಿನ ರೆಪ್ಪೆ ಸದಾ ಅರ್ಧ ಇಳಿದಿರುತ್ತಿತ್ತು. ತೂಕಡಿಸುತ್ತಿದ್ದಾರೆಂದು ತಿಳಿದು ಮಾತು ತೇಲಿಸಲು ನೋಡಿದವರು ಇನ್ನೊಂದು ಕಣ್ಣಿಗೆ ಸಿಕ್ಕಿಬೀಳುತ್ತಿದ್ದರು. ಶಾಲೆಯ ಶಿಕ್ಷಕಿ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಕುಕನೂರಿನ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಸಂಘದ ಕಾರ್ಯದರ್ಶಿಯಾಗಿದ್ದರು. ಯಾರನ್ನೂ ಹೊಗಳುತ್ತಿರಲಿಲ್ಲ; ತುಂಬ ಮೆಚ್ಚಿದರೆ “ನಡೀತೈತಿ” ಎನ್ನುತ್ತಿದ್ದರು.

ಆ ವರ್ಷದ ಸಭೆಗೆ ಹಾಸ್ಟೆಲ್ ಕೆಡವಿ ಅಂಗಡಿ ಕಟ್ಟುವ ಠರಾವು ಬಂದಿತ್ತು. ಅಲ್ಲೇ ಇದ್ದು ಓದಿದ ನಾನೂ ಸಂಘದ ಸದಸ್ಯೆ. ಈಗ ತಂಗಿ ಅಲ್ಲಿದ್ದಳು. ಹಾಸ್ಟೆಲ್ ಹೋದರೆ ಅವಳ ಕಾಲೇಜು ಬಿಡಿಸುವುದಾಗಿ ಅಪ್ಪ ಹೇಳಿಬಿಟ್ಟಿದ್ದರು. ಎರಡೂ ಕಡೆಯವರು ಹೆಚ್ಚುಕಡಿಮೆ ಸಮ ಇದ್ದರು.

ತೀರಿಹೋದ ಸದಸ್ಯರೊಬ್ಬರ ಮಗ ಅಪ್ಪನ ಬದಲಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತ. ಅವನು ಅಂಗಡಿಗಳ ಪರ.

“ತಮ್ಮಾ, ಹಿಂದಿನ ಕುರ್ಚಿಗೆ ಹೋಗು. ನೀ ಮೆಂಬರ ಅಲ್ಲ,” ಎಂದರು ಅಕ್ಕೋರು.

“ಅಪ್ಪನ ಹೊಲ ನನಗ ಬಂದೈತ್ರಿ. ಮೆಂಬರಶಿಪ್ ಬರಂಗಿಲ್ಲೇನ್ರಿ?”

“ಬರಂಗಿಲ್ಲ. ಸತ್ತವರ ಕೂಡ ಅದೂ ಹೋಗ್ತೈತಿ. ಕೂಡು, ಚಾ ಕುಡಿ, ಮಾತಾಡು. ಕೈ ಎತ್ತಬ್ಯಾಡ.”

ಅವನು ಎದ್ದು ಹಾಸ್ಟೆಲ್ಲಿನ ಅಡುಗೆಯವ್ವನತ್ತ ಬೆರಳು ತೋರಿದ. “ಇವರು ಗಂಡನ ಜಾಗಾದಾಗ ಕುಂತಾರಲ್ಲ? ನಿಮ್ಮ ಗೆಳತಿಗೆ ಬ್ಯಾರೆ ಕಾಯ್ದೆ ಐತೇನ್ರಿ?”

ಅವನ ಮಾತು ನಿಜವಿತ್ತು. ಸದಸ್ಯರಾಗಿದ್ದವರು ಅಡುಗೆಯವ್ವನ ಗಂಡ, ಅವರೂ ತೀರಿದ್ದರು. ಆದರೆ ಅವರ ಕೈ ಹಾಸ್ಟೆಲ್ ಪರ ಏಳುವಂಥದ್ದು.

“ಒಂದ ಕೈ ಅಲ್ಲೇನ್ರಿ, ಬಿಟ್ಟುಬಿಡ್ರಿ,” ಎಂದು ನಾನು ಪಿಸುಗುಟ್ಟಿದೆ. ಅಕ್ಕೋರು ನನ್ನ ಕಡೆ ನೋಡಲೂ ಇಲ್ಲ.

“ನೀನೂ ಹಿಂದ ಹೋಗಬೇ,” ಎಂದರು ಗೆಳತಿಗೆ.

“ಈ ಹುಡುಗ್ಯಾರಿಗೆ ರೊಟ್ಟಿ ಬಡಿದ ಕೈ ಇದು. ಎತ್ತಬಾರದೇನು?”

“ಎತ್ತಬಾರದು.”

“ಬಾಯಿ?”

“ಬಾಯಿ ನಿಂದ ಐತಿ.”

ಅಡುಗೆಯವ್ವ ಹಿಂದೆ ಹೋದರು, ಆದರೆ ಕುಳಿತುಕೊಳ್ಳಲಿಲ್ಲ. ಅಂಗಡಿ ಪರ ಇದ್ದ ಕಾಳಿನ ವ್ಯಾಪಾರಿಯನ್ನು ಅಲ್ಲಿಂದಲೇ ಕೂಗಿದರು: “ಸಾವ್ಕಾರ್ರ, ನಿಮ್ಮ ಮಗಳು ಇಲ್ಲೇ ಉಂಡು ನರ್ಸ ಆದ್ಳು. ಜ್ವರ ಬಂದಾಗ ಯಾರ ಮಗ್ಗಲಾಗ ಮಲಗಿದ್ಳು, ಕೇಳ್ರಿ ಆಕಿನ್ನ. ಈಗ ಎತ್ರಿ ಕೈ.”

ಸಾಹುಕಾರರ ಕೈ ಏಳಲಿಲ್ಲ. ಆ ಒಂದು ಕೈ ಇಲ್ಲದೆ ಠರಾವು ಬಿದ್ದುಹೋಯಿತು. ಅಡುಗೆಯವ್ವನೂ ಕೈ ಎತ್ತಿರಲಿಲ್ಲವಾದ್ದರಿಂದ, ಹಿಂದೆ ಹೋಗಿ ಕುಳಿತಿದ್ದ ಹುಡುಗನಿಗೆ ತಕರಾರು ತೆಗೆಯಲು ಏನೂ ಉಳಿದಿರಲಿಲ್ಲ.

ಅಂದಿನಿಂದ ಅಡುಗೆಯವ್ವ ಅಕ್ಕೋರೊಡನೆ ಮಾತು ಬಿಟ್ಟರು. ತಂಗಿ ಡಿಗ್ರಿ ಮುಗಿಸಿದಳು; ಅದರ ಬೆಲೆ ತೆತ್ತವರು ಅವರಿಬ್ಬರು.

ಅಕ್ಕೋರು ತೀರಿಕೊಳ್ಳುವ ಹಿಂದಿನ ವಾರ ನೋಡಲು ಹೋಗಿದ್ದೆ. ಅಡುಗೆಯವ್ವ ಮಂಚದ ಪಕ್ಕ ಕುಳಿತು ಗಂಜಿ ಕುಡಿಸುತ್ತಿದ್ದರು.

“ಇನ್ನೂ ಸಿಟ್ಟ ಐತೇನಬೇ?” ಎಂದರು ಅಕ್ಕೋರು.

ಅಡುಗೆಯವ್ವ ಅವರ ತುಟಿ ಒರೆಸಿ, ಇನ್ನೊಂದು ಚಮಚ ಮುಂದೆ ಹಿಡಿದರು.